ನೇರ ರಸ್ತೆಯ ಮೇಲೆ ಮೊಟ್ಟೆ

ಯಾರಪಿನ್ನಾ ಎಂಬ ಈ ಮರುಭೂಮಿಯ ಊರಿನಲ್ಲಿ ನಾವು ಹತ್ತೊಂಬತ್ತು ಜನ. ಅದರಲ್ಲಿ ಹದಿನೆಂಟು ಜನಕ್ಕೆ ಕುಡಿತವೋ ಜೂಜೋ ಪಕ್ಕದ ಮನೆಯ ಉಸಾಬರಿಯೋ ಏನಾದರೊಂದು ಚಟ. ಹತ್ತೊಂಬತ್ತನೆಯವನು ಕ್ಲೆಮ್ ಪೆಂಗಿಲಿ, ನನ್ನ ತಂಗಿ ಹೇಜಲಳ ಗಂಡ. ಅವನಿಗಿದ್ದದ್ದು ನೇರ ಗೆರೆಯ ಚಟ. ಬೇರೆ ಚಟಗಳಿಂದ ಮನೆ ಹಾಳಾಗುತ್ತದೆ ಎನ್ನುತ್ತಾರೆ. ಇದರಿಂದ ಮನೆ ಹಾಳಾಗಲಿಲ್ಲ, ಮನೆಯವಳ ತಲೆ ಕೆಟ್ಟಿತು, ಅಷ್ಟೆ.

ಕ್ಲೆಮ್ ಗ್ರೇಡರ್ ಓಡಿಸುತ್ತಿದ್ದ. ಹೊಟ್ಟೆಯ ಕೆಳಗೆ ಅಗಲವಾದ ಅಲಗು ಇಟ್ಟುಕೊಂಡು ಮಣ್ಣುದಾರಿಯನ್ನು ಕೆರೆದು ಸಮ ಮಾಡುತ್ತಾ ಹೋಗುವ ಹಳದಿ ಯಂತ್ರ ಅದು. ಹೆದ್ದಾರಿಯ ಡಾಂಬರು ಬಿಟ್ಟು ನಮ್ಮೂರಿಗೆ ಬರುವ ಮಣ್ಣುದಾರಿ ನೂರಹದಿನೆಂಟು ಕಿಲೋಮೀಟರ್. ಮೂವತ್ತೊಂದು ವರ್ಷ ಅವನು ಅದೇ ದಾರಿಯನ್ನು ಕೆರೆದ. ಹೆದ್ದಾರಿಯ ತುದಿ ಮುಟ್ಟುವಷ್ಟರಲ್ಲಿ ಊರ ತುದಿ ಹಾಳಾಗಿರುತ್ತಿತ್ತು. ತಿರುಗಿ ಬರುತ್ತಿದ್ದ. ಊರ ತುದಿ ಮುಟ್ಟುವಷ್ಟರಲ್ಲಿ ಹೆದ್ದಾರಿಯ ತುದಿ ಹಾಳಾಗಿರುತ್ತಿತ್ತು. ಒಬ್ಬ ಮನುಷ್ಯ ತನ್ನ ಆಯುಸ್ಸನ್ನು ಹೀಗೆ ಕಳೆಯುವುದಕ್ಕೆ ಸರ್ಕಾರ ಸಂಬಳವನ್ನೂ ಕೊಡುತ್ತದೆ.

ಆ ನೂರಹದಿನೆಂಟು ಕಿಲೋಮೀಟರಿನಲ್ಲಿ ಒಂದೇ ಒಂದು ತಿರುವಿಲ್ಲ ಎಂಬುದು ಅವನ ಬದುಕಿನ ಒಟ್ಟು ಹೆಮ್ಮೆ. ಕಣ್ಣಿಗೆಟುಕುವ ಕೊನೆಯಲ್ಲಿ ಒಂದು ಖಾಲಿ ಡೀಸೆಲ್ ಡ್ರಮ್ ನಿಲ್ಲಿಸಿ, ಅದರ ಮೇಲೆ ದೃಷ್ಟಿ ನೆಟ್ಟು, ಆಕಳಿಕೆ ಬಂದರೂ ಕಣ್ಣು ಮುಚ್ಚದೆ ಓಡಿಸುತ್ತಿದ್ದನಂತೆ. ಮನೆಯಲ್ಲೂ ಅದೇ ಬಾಳು. ಮೇಜಿನ ಮೇಲೆ ಫೋರ್ಕು ಸೊಟ್ಟಗಿದ್ದರೆ ಚಾಪ್ಸ್ ತಣ್ಣಗಾದರೂ ಚಿಂತೆಯಿಲ್ಲ, ಮೊದಲು ಫೋರ್ಕು ನೆಟ್ಟಗಾಗಬೇಕು. ಬಟ್ಟೆ ಒಣಹಾಕುವ ತಂತಿಯನ್ನು ವಾರಕ್ಕೊಮ್ಮೆ ಬಿಗಿಯುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ತನ್ನ ಮುಖ ನೋಡಿದ್ದಕ್ಕಿಂತ ಬೈತಲೆ ನೋಡಿದ್ದೇ ಹೆಚ್ಚು ಎಂದು ಹೇಜಲ್ ನನ್ನ ಹತ್ತಿರ ಹೇಳಿಕೊಂಡಿದ್ದಳು.

ನಾನು ಊರಿನ ಹೋಟೆಲಿನಲ್ಲಿ ಅಡುಗೆಯವಳು. ಅಡುಗೆಮನೆಗೂ ಬಾರಿಗೂ ನಡುವೆ ತಟ್ಟೆ ದಾಟಿಸಲು ಒಂದು ಕಿಂಡಿಯಿದೆ. ನಾನು ಬೇಯಿಸಿದ ಮಾಂಸದ ಪೈ ಆ ಕಡೆ ಹೋಗುತ್ತದೆ, ಊರಿನ ಸಂಗತಿ ಈ ಕಡೆ ಬರುತ್ತದೆ. ಆದ್ದರಿಂದ ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಕಿಂಡಿಯಲ್ಲಿ ಕೇಳಿದ್ದು.

ಹೋಟೆಲಿನ ಯಜಮಾನ ಬರ್ಟ್ ನಿಚ್ಕೆ. ಕುದುರೆ ಪಂದ್ಯದ ಸಮಿತಿಗೆ ಅವನೇ ಅಧ್ಯಕ್ಷ, ಊರಿನ ಅಭಿವೃದ್ಧಿ ಸಂಘಕ್ಕೂ ಅವನೇ ಅಧ್ಯಕ್ಷ. ಊರು ಅಭಿವೃದ್ಧಿಯಾದದ್ದು ಯಾರೂ ಕಾಣದಿದ್ದರೂ ಸಂಘ ತಿಂಗಳಿಗೊಮ್ಮೆ ತಪ್ಪದೆ ಸೇರುತ್ತಿತ್ತು. ಕ್ಲೆಮ್ ಮೇ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಬರ್ಟ್ ರಸ್ತೆ ಇಲಾಖೆಗೆ ಕಾಗದ ಬರೆದು, ಆ ದಾರಿಗೆ ಕ್ಲೆಮ್‌ನ ಹೆಸರಿಡಲು ಒಪ್ಪಿಗೆ ತರಿಸಿದ. ಬೋರ್ಡೂ ಬಂತು. ಹಸಿರು ತಗಡಿನ ಮೇಲೆ ಬಿಳಿ ಅಕ್ಷರ: 'ಪೆಂಗಿಲಿ ನೇರದಾರಿ, ೧೧೮ ಕಿ.ಮೀ., ತಿರುವಿಲ್ಲ.' ಮೇ ಮೊದಲ ಶನಿವಾರ, ಪಂದ್ಯದ ದಿನ, ನಾನೂರು ಜನ ನೆಂಟರು ಗಿರಾಕಿಗಳ ಮುಂದೆ ಅದನ್ನು ನೆಡುವುದು ಎಂದಾಯಿತು. ಅಲ್ಲಿಯವರೆಗೆ ಬೋರ್ಡನ್ನು ಬಾರಿನ ಗೋಡೆಗೆ ಒರಗಿಸಿಟ್ಟರು. ಕ್ಲೆಮ್ ಅದನ್ನು ಕಂಡೇ ಇಲ್ಲ ಎನ್ನುವಂತೆ ನಡೆದುಕೊಂಡ. ಆದರೆ ಅಂದಿನಿಂದ ದಿನಾ ಬಿಯರ್ ಕುಡಿಯಲು ಅವನು ನಿಲ್ಲುತ್ತಿದ್ದ ಜಾಗ ಬದಲಾಯಿತು. ಹೊಸ ಜಾಗದಿಂದ ಬೋರ್ಡು ಚೆನ್ನಾಗಿ ಕಾಣುತ್ತಿತ್ತು.

ಊರಿಗೆ ನಲವತ್ತು ಕಿಲೋಮೀಟರ್ ಇರುವಾಗ ದಾರಿಯು ಹ್ಯಾರೋ ಸರೋವರದ ಒಂದು ತೋಳನ್ನು ಅಡ್ಡ ದಾಟುತ್ತದೆ. ಸರೋವರ ಎಂದರೆ ನಕ್ಷೆಯಲ್ಲಿ ಇರುವ ಮಾತು. ನಕ್ಷೆಯಲ್ಲಿ ಅದಕ್ಕೆ ನೀಲಿ ಬಣ್ಣ ಹಾಕಿದ್ದಾರೆ. ನಾನು ಇಲ್ಲಿಗೆ ಬಂದಾಗಿನಿಂದ ಕಂಡದ್ದು ಬರೀ ಉಪ್ಪು, ಅದರಾಚೆ ಇನ್ನಷ್ಟು ಉಪ್ಪು. ಅದರ ನಡುವೆ ಎತ್ತರಿಸಿದ ಮಣ್ಣುದಾರಿ, ಅಳತೆಗೋಲು ಇಟ್ಟು ಎಳೆದ ಹಾಗೆ.

ಆ ವರ್ಷ ಮಾರ್ಚ್ ತಿಂಗಳ ಒಂದು ಶುಕ್ರವಾರ ಕ್ಲೆಮ್ ಸರಿಯಾಗಿ ಅಲ್ಲೇ ಕೆಲಸದಲ್ಲಿದ್ದ. ಗ್ರೇಡರ್‌ನವರ ಕ್ರಮ ಹೀಗೆ: ಮೊದಲು ಎರಡೂ ಅಂಚಿನ ಮಣ್ಣನ್ನು ಕೆರೆದು ದಾರಿಯ ನಡುವೆ ಉದ್ದಕ್ಕೆ ಒಂದು ಸಾಲು ಮಾಡುತ್ತಾರೆ, ಆಮೇಲೆ ಆ ಸಾಲನ್ನು ಹರಡಿ ಸಮ ಮಾಡುತ್ತಾರೆ. ಸಾಲನ್ನು ಹರಡದೆ ಯಂತ್ರದಿಂದ ಇಳಿಯಬಾರದು. ಇಳಿದಾಗ ಮಳೆ ಬಂದರೆ ದಾರಿಯೇ ಹೋಯಿತು. ಈ ನಿಯಮವನ್ನು ಕ್ಲೆಮ್ ಎಷ್ಟು ಜನಕ್ಕೆ ಉಪದೇಶ ಮಾಡಿದ್ದನೆಂದರೆ, ಅವನು ಬಾಯಿ ತೆರೆದರೆ ಬಾರಿನಲ್ಲಿ ಜನ ಎದ್ದು ಹೋಗುತ್ತಿದ್ದರು. ಆದರೆ ಶುಕ್ರವಾರ ಬಾರಿನಲ್ಲಿ ಡಾರ್ಟ್ಸ್, ಗೋಡೆಯ ಹಲಗೆಗೆ ಮುಳ್ಳು ಎಸೆಯುವ ಆಟ, ಇತ್ತು. ರೇಡಿಯೋದವನು ಮಳೆ ಬರುತ್ತದೆ ಎಂದಿದ್ದ. ನಾಲ್ಕು ವರ್ಷದಿಂದ ಪ್ರತಿ ವಾರ ಹಾಗೆಯೇ ಎನ್ನುತ್ತಿದ್ದ. ಎರಡು ಕಿಲೋಮೀಟರ್ ಉದ್ದದ ಸಾಲನ್ನು ಹಾಗೇ ಬಿಟ್ಟು, ನಾಳೆ ಹರಡಿದರಾಯಿತೆಂದು ಕ್ಲೆಮ್ ಆಡಲು ಬಂದ. ಆಟದಲ್ಲಿ ಸೋತ.

ಆ ರಾತ್ರಿಯೇ ಹಿಡಿದ ಮಳೆ ಮೂರು ದಿನ ನಿಲ್ಲಲಿಲ್ಲ. ಎರಡು ವರ್ಷದ್ದು ಒಟ್ಟಿಗೇ ಬಿತ್ತು. ನಾಲ್ಕನೆಯ ದಿನ ನಕ್ಷೆ ಹೇಳಿದ್ದು ನಿಜವೆಂದು ಗೊತ್ತಾಯಿತು. ಹ್ಯಾರೋ ಸರೋವರದಲ್ಲಿ ನೀರಿತ್ತು, ಅದೂ ನೀಲಿಯಾಗಿ. ಎರಡೂ ತುದಿಯ ತಗ್ಗಿನಲ್ಲಿ ದಾರಿ ಮುಳುಗಿತು. ನಡುವೆ ಕ್ಲೆಮ್ ಬಿಟ್ಟುಬಂದಿದ್ದ ಮಣ್ಣಿನ ಸಾಲು ಮಾತ್ರ ನೀರಿನ ಮೇಲೆ ಎರಡು ಕಿಲೋಮೀಟರ್ ಉದ್ದದ ದ್ವೀಪವಾಗಿ ನಿಂತಿತು. ಅಷ್ಟು ನೇರವಾದ ದ್ವೀಪ ಪ್ರಪಂಚದಲ್ಲಿ ಬೇರೆ ಇರಲಾರದು.

ಎಂಟೇ ದಿನಕ್ಕೆ ಹಕ್ಕಿಗಳು ಬಂದವು. ಮೆಟ್ಟುಗಾಲು ಹಕ್ಕಿಗಳು, ಬಿಳಿ ಮೈ, ಕಪ್ಪು ರೆಕ್ಕೆ, ಎದೆಗೆ ಕಂದು ಪಟ್ಟಿ, ಕಡ್ಡಿಯಂಥ ಕೆಂಪು ಕಾಲು. ಸಮುದ್ರ ಇಲ್ಲಿಂದ ಐನೂರು ಕಿಲೋಮೀಟರ್. ಇಲ್ಲಿ ನೀರಾಗಿದೆ, ನೀರಿನಲ್ಲಿ ಸಾಸಿವೆಯಷ್ಟು ಸೀಗಡಿ ಹುಟ್ಟಿದೆ ಎಂದು ಅವಕ್ಕೆ ತಂತಿ ಕೊಟ್ಟವರು ಯಾರೋ ಕಾಣೆ. ನಮಗೆ ಒಂದು ಟಪಾಲು ಬರಲು ಎರಡು ವಾರ ಬೇಕು. ಬಂದವು ಬೇರೆ ಜಾಗ ನೋಡಲೂ ಇಲ್ಲ. ನರಿ, ಕಾಡುನಾಯಿ ದಾಟಲಾಗದ ದ್ವೀಪ, ಕೆರೆದು ಮೆತ್ತಗೆ ಮಾಡಿಟ್ಟ ಮಣ್ಣು. ಕಾಲಿನಿಂದ ಒಂದಿಷ್ಟು ಗುಳಿ ಮಾಡಿ ಏಪ್ರಿಲ್ ಎರಡನೆಯ ವಾರಕ್ಕೆ ಮೊಟ್ಟೆಯಿಟ್ಟು ಕೂತುಬಿಟ್ಟವು. ಸಾವಿರಾರು. ಹತ್ತು ಸಾವಿರ ಎಂದು ಬರ್ಟ್ ಹೇಳಿದ. ಅವನು ಪಂದ್ಯದ ಜನವನ್ನೂ ಹಾಗೆಯೇ ಎಣಿಸುವವನು, ಆದರೆ ಈ ಸಲ ಕಡಿಮೆಯೇ ಹೇಳಿದನೇನೋ.

ಊರಿಗೆ ಹಕ್ಕಿಯ ಯೋಚನೆ ಇರಲಿಲ್ಲ. ಊರಿಗಿದ್ದದ್ದು ಬಿಯರಿನ ಯೋಚನೆ. ದಾರಿ ಮುಚ್ಚಿ ಒಂದು ತಿಂಗಳಾಗಿತ್ತು. ವಾರಕ್ಕೊಮ್ಮೆ ಪುಟ್ಟ ವಿಮಾನ ಟಪಾಲು, ಹಿಟ್ಟು, ಔಷಧಿ ತಂದು ಇಳಿಸುತ್ತಿತ್ತು. ಬಿಯರ್ ಪೀಪಾಯಿ ವಿಮಾನದಲ್ಲಿ ತರುವುದಿಲ್ಲವಂತೆ, ಅದು ಔಷಧಿಯಲ್ಲವಂತೆ. ಇದನ್ನು ಕೇಳಿ ಬರ್ಟ್ ಸರ್ಕಾರದ ಮೇಲಿದ್ದ ನಂಬಿಕೆಯನ್ನೇ ಕಳೆದುಕೊಂಡ. ಒಂದೇ ಒಂದು ಪೀಪಾಯಿ ಉಳಿದಿತ್ತು. ಇತ್ತ ಪಂದ್ಯದ ಕುದುರೆ ಲಾರಿಗಳು ಏಪ್ರಿಲ್ ಕೊನೆಗೆ ಹೆದ್ದಾರಿಯ ತುದಿಗೆ ಬಂದು ನಿಲ್ಲುತ್ತವೆ. ದಾರಿ ತೆರೆಯದಿದ್ದರೆ ಪಂದ್ಯವಿಲ್ಲ, ಪಂದ್ಯವಿಲ್ಲದಿದ್ದರೆ ಊರಿಗೆ ವರ್ಷದ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಮಾತಾಡಲು ವಿಷಯವಿಲ್ಲ.

ಇಲಾಖೆಯ ಎಂಜಿನಿಯರ್ ಫ್ಯಾರೋ ಎಂಬಾತ ದೂರದ ಆಫೀಸಿನಲ್ಲಿ ಕೂತಿದ್ದ. ನಮ್ಮ ದಾರಿಯನ್ನು ಆತ ಕಣ್ಣಾರೆ ಕಂಡವನಲ್ಲ, ಆದ್ದರಿಂದ ಅದರ ಬಗ್ಗೆ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಕ್ಲೆಮ್ ಬಾರಿನ ಫೋನಿನಿಂದ ಅವನಿಗೆ ವರದಿ ಒಪ್ಪಿಸಿದ. ಅಡಚಣೆ ಏನು ಎಂದು ಫ್ಯಾರೋ ಕೇಳಿದ. ಹಕ್ಕಿ ಎಂದ ಕ್ಲೆಮ್. ಫಾರ್ಮಿನಲ್ಲಿ ನೀರು, ಬಿದ್ದ ಮರ, ದನಕರು ಈ ಮೂರು ಅಡಚಣೆಗೆ ಮಾತ್ರ ಜಾಗವಿದೆ, ಹಕ್ಕಿಗೆ ಇಲ್ಲ ಎಂದು ಉತ್ತರ ಬಂತು. ಸ್ವಲ್ಪ ಹೊತ್ತು ಯೋಚಿಸಿ ಫ್ಯಾರೋ ಅವನ್ನು ದನಕರು ಎಂದು ಬರೆದುಕೊಂಡ. ದನಕರುಗಳಿಗೆ ಹಾರನ್ ಹೊಡೆದರೆ ಏಳುತ್ತವೆ, ಇಪ್ಪತ್ನಾಲ್ಕನೇ ತಾರೀಕಿನೊಳಗೆ ದಾರಿ ತೆರೆಯತಕ್ಕದ್ದು ಎಂದು ಅಪ್ಪಣೆಯಾಯಿತು.

ಕ್ಲೆಮ್‌ಗೇನೂ ಹಕ್ಕಿಗಳ ಮೇಲೆ ಪ್ರೀತಿಯಿರಲಿಲ್ಲ. ಕಡಲು ಬಿಟ್ಟು ಬಂದು ಊರ ತಿಪ್ಪೆಯ ಮೇಲೆ ಕೂರುವ ಕಡಲಹಕ್ಕಿಗಳಿಗೆ ಕಲ್ಲು ಹೊಡೆಯುವುದರಲ್ಲಿ ಅವನ ಗುರಿ ಡಾರ್ಟ್ಸಿಗಿಂತ ಚೆನ್ನಾಗಿತ್ತು. ಹದಿನಾರನೆಯ ತಾರೀಕು ಬೆಳಿಗ್ಗೆ ಗ್ರೇಡರ್ ಏರಿ ಹೊರಟ. ತಗ್ಗಿನ ನೀರು ಮೊಣಕಾಲಿಗೆ ಇಳಿದಿತ್ತು, ಗ್ರೇಡರ್‌ಗೆ ಅದೊಂದು ಲೆಕ್ಕವಲ್ಲ. ದಾಟಿ, ಸಾಲಿನ ತುದಿಗೆ ಹೋಗಿ, ಅಲಗು ಇಳಿಸಿದ.

ಯಂತ್ರದ ಸದ್ದಿಗೆ ಹತ್ತಿರದ ಹಕ್ಕಿಗಳು ಒಟ್ಟಿಗೇ ಎದ್ದವಂತೆ. ಅವು ಏಳುವುದನ್ನೇ ಕಾಯುತ್ತಾ ಕಡಲಹಕ್ಕಿಗಳು ನೀರಂಚಿನಲ್ಲಿ ಕೂತಿದ್ದವು. ನಮ್ಮ ಹೋಟೆಲಿನ ಎಂಜಲು ತಿಂದು ಕೊಬ್ಬಿದ ಜಾತಿ, ನನ್ನ ಪೈ ಚೂರುಗಳನ್ನು ತಿಂದೇ ದೊಡ್ಡವಾದವು. ಮೊಟ್ಟೆಗಳ ಮೇಲೆ ಎರಗಿದವು. ಮೆಟ್ಟುಗಾಲು ಹಕ್ಕಿ ಮತ್ತೆ ಇಳಿದು ಕೂರುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಗ್ರೇಡರಿನ ಮುಂದಿದ್ದ ನೂರಾರು ಗುಳಿಗಳಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು. ಸಿಪ್ಪೆಯಾದ ಗುಳಿಯ ಮೇಲೂ ಹಕ್ಕಿಗಳು ಬಂದು ಕೂತುಕೊಂಡವು.

ಕ್ಲೆಮ್ ಅಲಗು ಎತ್ತಿದ. ಗ್ರೇಡರನ್ನು ತಿರುಗಿಸಲು ಅಲ್ಲಿ ಜಾಗವಿಲ್ಲ. ಹಿಂದಕ್ಕೇ ಓಡಿಸಿಕೊಂಡು ನೀರು ದಾಟಿ ದಿಣ್ಣೆ ಹತ್ತಿದ. ಊರಿಗೆ ಬಂದವನು, ಅಲಗಿನ ಎಣ್ಣೆ ಸೋರುತ್ತಿದೆ, ಕೆಲಸ ಆಗಲಿಲ್ಲ ಎಂದ. ಬರ್ಟ್ ಹೋಗಿ ನೋಡಿ ಬಂದ. ಎಣ್ಣೆ ಎಲ್ಲೂ ಸೋರುತ್ತಿರಲಿಲ್ಲ.

ಆ ಸಂಜೆ ಅಭಿವೃದ್ಧಿ ಸಂಘದ ತುರ್ತುಸಭೆ. ಸಭೆ ಎಂದರೆ ಬಾರಿನಲ್ಲಿ ಎಂದಿನಂತೆ ನಿಂತವರು ಒಂದು ಸಲ ಕೆಮ್ಮಿ ಮಾತು ಶುರು ಮಾಡುವುದು. ಎಲ್ಲರೂ ಕೊನೆಯ ಪೀಪಾಯಿಯಿಂದ ಸಣ್ಣ ಲೋಟದಲ್ಲಿ ಕುಡಿಯುತ್ತಿದ್ದರು, ಮುಖಗಳು ಶವಸಂಸ್ಕಾರಕ್ಕೆ ಬಂದವರಂತಿದ್ದವು.

"ಒಂದು ಗಂಟೆ ಕೆಲಸ ಮಾರಾಯ," ಎಂದ ಬರ್ಟ್. "ಕಣ್ಣು ಮುಚ್ಕೊಂಡು ತಳ್ಕೊಂಡು ಹೋಗು."

"ಕಣ್ಣು ಮುಚ್ಕೊಂಡು ನಾನು ಓಡಿಸಲ್ಲ," ಎಂದ ಕ್ಲೆಮ್.

"ಹಂಗಾದ್ರೆ ಕಣ್ಣು ಬಿಟ್ಕೊಂಡು ಆ ಬೋರ್ಡು ನೋಡು. ಅದರ ಮೇಲೆ ಯಾರ ಹೆಸರಿದೆ? ಹಕ್ಕೀದಾ, ನಿಂದಾ?"

ಕ್ಲೆಮ್ ಬೋರ್ಡು ನೋಡಿದ. ಆಗ ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಡಲ್ಸಿ ಆಂಟಿ ಬಾಯಿ ಬಿಟ್ಟಳು. ಡಲ್ಸಿಗೆ ಎಪ್ಪತ್ತು ದಾಟಿತ್ತು, ಊರಿಗೆಲ್ಲ ಆಂಟಿ. ಈ ನೆಲ ಅವಳ ಜನರದ್ದು, ಇಲ್ಲಿನ ಮೂಲನಿವಾಸಿಗಳದ್ದು, ನಮ್ಮಂಥವರು ಗಾಡಿ ಹೊಡೆದುಕೊಂಡು ಬರುವುದಕ್ಕೆ ಎಷ್ಟೋ ಮೊದಲಿನಿಂದ. ಊರಿನವರಿಗೆ ಅದು ಸಭೆ ಸಮಾರಂಭಗಳಲ್ಲಿ ನೆನಪಿಗೆ ಬರುತ್ತಿತ್ತು, ಉಳಿದ ದಿನ ಅವಳಿಗೆ ಕುರ್ಚಿ ಬಿಟ್ಟುಕೊಡಲೂ ಮರೆಯುತ್ತಿದ್ದರು.

"ಸುತ್ತಿ ಹೋಗೋ ಕ್ಲೆಮ್," ಎಂದಳು. "ಸರೋವರದ ತೋಳು ಮುಗಿಯೋ ಕಡೆಯಿಂದ. ಅಲ್ಲಿ ಕಲ್ಲುನೆಲ, ಹೂತುಕೊಳ್ಳಲ್ಲ. ಏಳು ಕಿಲೋಮೀಟರ್ ಜಾಸ್ತಿ ಆಗ್ಬೋದು. ಇನ್ನೆರಡು ವಾರದಲ್ಲಿ ಮರಿ ಎದ್ದು ಹೋಗ್ತವೆ, ಆದ್ರೆ ನಿಮ್ಮ ಕುದುರೆಗೆ ಅಷ್ಟು ಪುರುಸೊತ್ತಿಲ್ಲವಲ್ಲ."

ಬರ್ಟ್ ತಕ್ಷಣ ಟೋಪಿ ತೆಗೆದು ಎದೆಗಿಟ್ಟುಕೊಂಡ. ಇದು ನಿಮ್ಮ ಹಿರಿಯರಿಂದ ಬಂದ ಪುರಾತನ ಜ್ಞಾನವೋ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಪುರಾತನ ಗಿರಾತನ ಏನಿಲ್ಲ," ಎಂದಳು ಡಲ್ಸಿ. "ನಮ್ಮಪ್ಪ ಕುರಿ ಕಂಪನೀಲಿ ಗಾಡಿ ಹೊಡೀತಿದ್ದ. ಸರೋವರದಲ್ಲಿ ಮೂರು ಸಲ ಹೂತುಹೋಯ್ತು. ನಾಲ್ಕನೇ ಸಲ ಸುತ್ತಿ ಹೋದ. ನೀವು ಓದಿದವರು, ನಿಮಗೆ ಮೂವತ್ತೊಂದು ವರ್ಷ ಬೇಕಾಯ್ತು."

ಸುತ್ತಿ ಹೋಗುವುದೆಂದರೆ ತಿರುವು. ಒಂದಲ್ಲ, ಹಳೆಯ ದಾರಿ ಬಿಡುವಾಗ ಒಂದು, ಮತ್ತೆ ಅದನ್ನು ಸೇರುವಾಗ ಇನ್ನೊಂದು. ಬೋರ್ಡಿನ ಮೇಲೆ 'ತಿರುವಿಲ್ಲ' ಎಂದು ಬರೆದಿದೆ. ತಿರುವು ಬಂದರೆ ಬೋರ್ಡು ಇಲ್ಲ. ಅಷ್ಟು ಲೆಕ್ಕ ಬಾರಿನಲ್ಲಿದ್ದ ಅತಿ ದಡ್ಡನಿಗೂ ತಿಳಿಯಿತು. ಕ್ಲೆಮ್ ಲೋಟದಲ್ಲಿ ಇನ್ನೂ ಅರ್ಧ ಇದ್ದ ಬಿಯರನ್ನು ಬಿಟ್ಟು ಎದ್ದುಹೋದ. ಕೊನೆಯ ಪೀಪಾಯಿಯ ಬಿಯರ್. ಅದನ್ನು ಕಂಡು ಜನರಿಗೆ ಅವನ ಆರೋಗ್ಯದ ಚಿಂತೆ ಹತ್ತಿತು.

ಮನೆಯಲ್ಲಿ ನಡೆದದ್ದು ಹೇಜಲ್ ಮರುದಿನ ನನಗೆ ಹೇಳಿದ್ದು. ಬಂದವನೇ ನಕ್ಷೆ ಹರಡಿ ಅಳತೆಗೋಲು ಹಿಡಿದು ಕೂತನಂತೆ. ಸುತ್ತಿ ಹೋದರೂ ನೇರವಾಗಿ ಹೋಗುವ ಉಪಾಯ ಹುಡುಕುತ್ತಿದ್ದ. ಅಂಥ ಉಪಾಯ ನಕ್ಷೆಯಲ್ಲಿ ಸಿಗಲಿಲ್ಲ. ಚಹಾ ಎರಡು ಸಲ ತಣ್ಣಗಾಯಿತು.

"ಬೋರ್ಡು ಬೇಕಾ ಹಕ್ಕಿ ಬೇಕಾ, ಒಂದು ಹೇಳು," ಎಂದಳಂತೆ ಹೇಜಲ್. "ಎರಡೂ ಬೇಕು ಅಂತ ಮೂತಿ ಊದಿಸ್ಕೊಂಡು ಕೂತ್ರೆ ನಾನು ಚಹಾ ಕಾಯಿಸ್ತಾನೇ ಇರಬೇಕಾಗ್ತದೆ."

"ಹಕ್ಕಿ ಯಾವನಿಗೆ ಬೇಕು," ಎಂದನಂತೆ ಅವನು. ಅಳತೆಗೋಲು ಕೆಳಗಿಟ್ಟು, "ಆ ಸಾಲು ನಾನು ಬಿಟ್ಟಿದ್ದು ಹೇಜಲ್. ಹರಡದೆ ಬಿಟ್ಟು ಡಾರ್ಟ್ಸ್ ಆಡಕ್ಕೆ ಬಂದೆ. ಅವು ಅದನ್ನ ನಂಬ್ಕೊಂಡು ಮೊಟ್ಟೆ ಇಟ್ವು," ಎಂದನಂತೆ.

ಅವಳು ಮೂರನೆಯ ಸಲ ಚಹಾ ಕಾಯಿಸಿಕೊಟ್ಟಳು. ಆ ಸಲ ಕುಡಿದ.

ಹದಿನೆಂಟನೆಯ ತಾರೀಕು ಕ್ಲೆಮ್ ಡಲ್ಸಿಯ ಮನೆ ಮುಂದೆ ಗ್ರೇಡರ್ ತಂದು ನಿಲ್ಲಿಸಿದ. ಆ ನೆಲದಲ್ಲಿ ದಾರಿ ಕಡಿಯುವ ಮೊದಲು ಕೇಳಬೇಕಾದವರನ್ನು ಕೇಳುವ ಕೆಲಸ ಡಲ್ಸಿ ತನ್ನ ತಲೆಯ ಮೇಲೆ ಹಾಕಿಕೊಂಡಿದ್ದಳು, ಅಂದರೆ ತನ್ನ ಅಕ್ಕನನ್ನೂ ಇಬ್ಬರು ಅಣ್ಣಂದಿರನ್ನೂ. ಅವರು ಹೂಂ ಅನ್ನಲು ಒಂದು ದಿನ ತೆಗೆದುಕೊಂಡರು, ಅದರಲ್ಲಿ ಮುಕ್ಕಾಲು ದಿನ ಕ್ಲೆಮ್‌ನನ್ನು ನೆನೆದು ನಗುವುದಕ್ಕೇ ಹೋಯಿತಂತೆ. ಫ್ಯಾರೋಗೆ ಕ್ಲೆಮ್ ಏನೂ ಹೇಳಲಿಲ್ಲ. ಫಾರ್ಮಿನಲ್ಲಿ 'ದುರಸ್ತಿ' ಎಂದು ಬರೆದ.

ಕೆಲಸ ಶುರುವಾದ ಮೇಲೆ ಒಂದು ಸಂಗತಿ ಹೊರಬಿತ್ತು. ರಸ್ತೆ ಕಡಿಯುವುದರಲ್ಲಿ ಮೂವತ್ತೊಂದು ವರ್ಷದ ಅನುಭವವಿದ್ದ ಮನುಷ್ಯನಿಗೆ ತಿರುಗುವುದು ಬರುತ್ತಿರಲಿಲ್ಲ. ಡ್ರಮ್ ನಿಲ್ಲಿಸುತ್ತಾನೆ, ಅದಕ್ಕೆ ನೇರ ಹೋಗುತ್ತಾನೆ. ಇಳಿದು ಡ್ರಮ್ಮನ್ನು ಸ್ವಲ್ಪ ಪಕ್ಕಕ್ಕೆ ಉರುಳಿಸುತ್ತಾನೆ, ಮತ್ತೆ ನೇರ ಹೋಗುತ್ತಾನೆ. ಎರಡು ದಿನ ಕಳೆದಾಗ ಅಲ್ಲಿ ತಿರುವಿನ ಬದಲು ಮೂಲೆ ಮೂಲೆಯಾಗಿ ಮಡಚಿದ ಒಂದು ವಸ್ತು ಸಿದ್ಧವಾಗಿತ್ತು. ನಾನೂ ಹೇಜಲೂ ಊಟ ತೆಗೆದುಕೊಂಡು ಹೋಗಿ ನೋಡಿದೆವು. ಹೇಜಲ್ ನಗು ತಡೆಯಲು ಬಾಯಿಗೆ ಟವೆಲು ಅಡ್ಡ ಹಿಡಿದಳು.

ಡಲ್ಸಿ ಡ್ರಮ್ಮನ್ನು ಒದ್ದು ಇಳಿಜಾರಿಗೆ ಬಿಟ್ಟಳು. ಅವಳ ತಲೆಯ ಮೇಲೆ ಹಳೆಯದೊಂದು ಕೆಂಪು ಟೋಪಿ ಇತ್ತು.

"ಇದನ್ನ ನೋಡ್ಕೊಂಡು ಬಾ," ಎಂದಳು. "ನಾನು ಎತ್ತ ಹೋದ್ರೆ ಅತ್ತ. ದೂರ ನೋಡ್ಬೇಡ, ಅಲ್ಲೇನೂ ಇಲ್ಲ."

ಹಾಗೆ ಏಳೆಂಟು ದಿನ ನಡೆಯಿತು. ಎಪ್ಪತ್ತು ದಾಟಿದ ಹೆಂಗಸು ಗಟ್ಟಿನೆಲವನ್ನು ಕಾಲಿನಿಂದ ತಟ್ಟಿ ನೋಡುತ್ತಾ ಮುಂದೆ, ಹದಿನಾಲ್ಕು ಟನ್ನಿನ ಯಂತ್ರ ಕುರಿಮರಿಯಂತೆ ಹಿಂದೆ. ಮಧ್ಯೆ ಅವಳಿಗೆ ಸುಸ್ತಾದರೆ ಕೂರುತ್ತಿದ್ದಳು, ಗ್ರೇಡರೂ ನಿಲ್ಲುತ್ತಿತ್ತು. ಅವಳು ಒಮ್ಮೆ ಕಲ್ಲಿನ ಮರೆಗೆ ಹೋದಾಗ ಕ್ಲೆಮ್ ಅಭ್ಯಾಸಬಲದಿಂದ ಅತ್ತಲೇ ತಿರುಗಿಸಿದ್ದನಂತೆ, ಬೈಸಿಕೊಂಡ. ಇಪ್ಪತ್ನಾಲ್ಕನೆಯ ತಾರೀಕು ಬಂದು ಹೋಯಿತು. ಫ್ಯಾರೋ ಫೋನ್ ಮಾಡಿದಾಗ ಬರ್ಟ್ ಎತ್ತಿ, ದನಕರುಗಳು ಹಠ ಹಿಡಿದಿವೆ ಎಂದ. ಬರ್ಟ್‌ಗೆ ಹಕ್ಕಿಗಳ ಮೇಲೆ ಕನಿಕರ ಬಂದಿತ್ತೆಂದಲ್ಲ. ಯಾವ ದಾರಿಯಲ್ಲಿ ಬಂದರೂ ಬಿಯರಿನ ರುಚಿ ಒಂದೇ ಎಂದು ಅವನಿಗೆ ಅಷ್ಟರಲ್ಲಿ ಹೊಳೆದಿತ್ತು.

ಇಪ್ಪತ್ತೊಂಬತ್ತನೆಯ ತಾರೀಕು ಬೆಳಿಗ್ಗೆ ಕೊನೆಯ ನೂರು ಮೀಟರ್ ಉಳಿದಿತ್ತು. ನಾವು ಮತ್ತೆ ಊಟದೊಂದಿಗೆ ಹೋಗಿದ್ದೆವು. ದಿಣ್ಣೆಯ ಮೇಲಿಂದ ನೋಡಿದರೆ ಹಳೆಯ ದಾರಿಯ ಅಂಚು ಕರಗಿ ನೀರಿಗೆ ಇಳಿಯುತ್ತಿರುವಂತೆ ಕಂಡಿತು. ಉಪ್ಪು ಇರಬೇಕೆಂದುಕೊಂಡೆ. ಉಪ್ಪಿಗೆ ಕಾಲಿತ್ತು. ಹತ್ತಿಯುಂಡೆಯಂಥ ಬಿಳಿ ಮರಿಗಳು, ಹುಟ್ಟಿ ಒಂದು ದಿನವೂ ಆಗಿರಲಿಕ್ಕಿಲ್ಲ, ಸಾಲು ಇಳಿದು ನೀರಿಗೆ ಹೋಗುತ್ತಿದ್ದವು. ನೂರು ಮರಿಗೆ ಒಂದೋ ಎರಡೋ ದೊಡ್ಡ ಹಕ್ಕಿ. ಯಾವ ಮರಿ ಯಾರದ್ದೆಂದು ಕೇಳುವವರಿರಲಿಲ್ಲ. ಕಡಲಹಕ್ಕಿಗಳು ಕೊಕ್ಕಿಗೆ ಸಿಕ್ಕಷ್ಟನ್ನು ಹೊತ್ತುಕೊಂಡು ಹೋದವು, ಉಳಿದವು ತಿರುಗಿಯೂ ನೋಡದೆ ಈಜಿದವು. ಇನ್ನೂ ಒಡೆಯದ ಮೊಟ್ಟೆಗಳ ಮೇಲೆ ಕೂತ ಕೆಲವು ಉಳಿದವು. ಮಧ್ಯಾಹ್ನದ ಹೊತ್ತಿಗೆ ಎರಡು ಕಿಲೋಮೀಟರ್ ದ್ವೀಪ ಮುಕ್ಕಾಲು ಖಾಲಿ.

"ಇವತ್ತೇ ಹೊರಡ್ತೀವಿ ಅಂತ ಮೊದಲೇ ಹೇಳಬಾರದಿತ್ತಾ ಅವು," ಎಂದಳು ಡಲ್ಸಿ. "ನನ್ನ ಮಂಡಿ ಉಳೀತಿತ್ತು."

ಕ್ಲೆಮ್ ಗ್ರೇಡರ್ ಏರಿ ಉಳಿದ ನೂರು ಮೀಟರ್ ಮುಗಿಸಿದ. ಅದು ಚೆನ್ನಾಗಿ ಬಾಗಿತ್ತು. ಸಂಜೆಗೆ ಮೊದಲ ಲಾರಿ ಆ ತಿರುವಿನಲ್ಲಿ ಬಂತು. ಕುದುರೆಗಳಿಗಿಂತ ಮೊದಲು ಬಂದದ್ದು ಬಿಯರ್.

ಪಂದ್ಯ ನಡೆಯಿತು. ನಾನೂರು ಎಂದದ್ದು ಆರುನೂರು ಜನ ಬಂದರು, ಹಕ್ಕಿ ನೋಡುವವರೂ ಸೇರಿಕೊಂಡದ್ದರಿಂದ. ಕ್ಯಾಮೆರಾ ನೇತುಹಾಕಿಕೊಂಡು ಬಂದು, ಖಾಲಿ ಗುಳಿಗಳನ್ನು ಅಳೆದು, ಪ್ರಕೃತಿ ಎಷ್ಟು ವಿಸ್ಮಯ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಬರ್ಟ್‌ಗೆ ಬೋರ್ಡು ನೆಡುವ ಆಸೆ ಬಿಟ್ಟಿರಲಿಲ್ಲ. ಭಾಷಣ ಬರೆಸಿದ್ದ. ಯಾರು ಅಳೆಯಲು ಹೋಗುತ್ತಾರೆ, ಈ ತುದಿಯಿಂದ ನೋಡಿದರೆ ನೇರವಾಗಿಯೇ ಕಾಣುತ್ತದೆ ಎಂದು ಒತ್ತಾಯ ಮಾಡಿದ. ಕ್ಲೆಮ್ ಒಪ್ಪಲಿಲ್ಲ. ಸೊಟ್ಟಗಿರುವುದನ್ನು ನೇರ ಎನ್ನುವುದು ತನ್ನ ಬಾಯಲ್ಲಿ ಬರುವುದಿಲ್ಲ ಎಂದ. ಕೊನೆಗೆ ಬರ್ಟ್ ಆ ಭಾಷಣವನ್ನು ಗೆದ್ದ ಕುದುರೆಯ ಮೇಲೆ ಮಾಡಿದ, ಹೆಸರು ಮಾತ್ರ ಬದಲಾಯಿಸಿಕೊಂಡು.

ಅಲ್ಲಿಗೆ ಮುಗಿಯಬಹುದಿತ್ತು. ಮೇ ಮೂರನೆಯ ವಾರ ಫ್ಯಾರೋನ ಫೋನ್ ಬಂತು. ತಿರುವಿನ ಸುದ್ದಿ ಹೇಗೋ ಮುಟ್ಟಿತ್ತು. ಆಶ್ಚರ್ಯವೆಂದರೆ ಅವನು ರೇಗಲಿಲ್ಲ. ಹಕ್ಕಿಗಳು ಹೋದವು, ನೀರು ಇಳಿಯಿತು, ಹಳೆಯ ಸಾಲನ್ನು ಹರಡಲು ಎರಡು ದಿನ ಸಾಕು. ಆ ನೇರದಾರಿಯನ್ನೇ ತೆರೆದುಬಿಡಿ, ತಾತ್ಕಾಲಿಕ ತಿರುವನ್ನು ಮುಚ್ಚಿ, ನಿಮ್ಮ ಹೆಸರಿನ ಆದೇಶ ಹಾಗೇ ಇದೆ, ನಾನೇ ಬಂದು ಬೋರ್ಡು ನೆಡಿಸುತ್ತೇನೆ ಎಂದ. ಅಂದರೆ ಕ್ಲೆಮ್ ಕಳೆದುಕೊಂಡದ್ದೆಲ್ಲ ಎರಡು ದಿನದ ಕೆಲಸಕ್ಕೆ ಹಿಂದಿರುಗಿ ಬರುತ್ತಿತ್ತು. ನೋಡಿ ಹೇಳುತ್ತೇನೆ ಎಂದು ಕ್ಲೆಮ್ ಫೋನ್ ಇಟ್ಟ. ಬಾರಿನಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿದರು. ಬರ್ಟ್ ಬೋರ್ಡಿನ ಧೂಳು ಒರೆಸಿದ.

ಮರುದಿನ ಅವನು ಒಬ್ಬನೇ ಹೋದ. ಹಳೆಯ ದಾರಿಯ ಮೇಲೆ ತುದಿಯಿಂದ ತುದಿಗೆ ನಡೆದನಂತೆ. ಯಂತ್ರದ ಮೇಲೆ ಕೂತು ಸಾವಿರ ಸಲ ಹೋದ ಜಾಗ, ನಡೆದದ್ದು ಅದೇ ಮೊದಲು. ತಗ್ಗಿನಲ್ಲಿ ಮೊಣಕಾಲುದ್ದ ಕೆಸರು. ಒಡೆಯದೆ ಉಳಿದ ಮೊಟ್ಟೆಗಳು ಉಪ್ಪುಗಟ್ಟಿ ಕೂತಿದ್ದವು. ಮಧ್ಯಾಹ್ನ ಬಂದು, ಬೂಟು ಕಳಚದೆ, ಬಾರಿನಲ್ಲಿ ಫೋನ್ ತಿರುಗಿಸಿದ. ನಾನು ಕಿಂಡಿಯ ಹತ್ತಿರವೇ ಆಲೂಗಡ್ಡೆ ಸುಲಿಯುತ್ತಿದ್ದೆ.

"ಸಾರ್, ಅದು ಸರೋವರ," ಎಂದ.

ಆ ಕಡೆಯಿಂದ ಏನೋ ದೊಡ್ಡ ಮಾತು ಬಂತು.

"ಹೌದು ಸಾರ್, ಮೂವತ್ತೊಂದು ವರ್ಷ ನನಗೂ ಗೊತ್ತಾಗ್ಲಿಲ್ಲ. ನಿಮ್ಮ ನಕ್ಷೆ ತೆಗೆದು ನೋಡಿ, ನೀಲಿ ಬಣ್ಣ ಹಾಕಿದ್ದಾರೆ." ಮತ್ತೆ ಕೇಳಿಸಿಕೊಂಡ. "ಅಲ್ಲ ಸಾರ್, ಹಕ್ಕಿಗೋಸ್ಕರ ಅಲ್ಲ. ಹಕ್ಕಿ ಹೋದ್ವು. ಸುತ್ತಿ ಹೋಗೋದೇ ದಾರಿ, ಇದು ಬರೀ ಗೆರೆ. ನಾನು ಗೆರೆ ಎಳೀತಿದ್ದೆ."

ಬೋರ್ಡಿನ ವಿಷಯ ಬಂದಿರಬೇಕು. "ಅದರ ಹಿಂಬದಿ ಖಾಲಿ ಇದೆ," ಎಂದ ಕ್ಲೆಮ್, "ಯಾರಿಗಾದ್ರೂ ಆಗ್ತದೆ," ಎಂದು ಫೋನ್ ಇಟ್ಟುಬಿಟ್ಟ. ಬೆನ್ನು ತಟ್ಟಿದವರು ಲೋಟ ನೋಡುತ್ತಾ ನಿಂತರು.

ನಿವೃತ್ತಿಗೆ ಮೂರು ದಿನ ಇರುವಾಗ ಅವನು ಹಳೆಯ ದಾರಿಯ ಎರಡೂ ಬಾಯಿಗೆ ಎದೆಯೆತ್ತರ ಮಣ್ಣು ಒಟ್ಟಿ ಅಡ್ಡ ಹಾಕಿದ. ನಡುವಿನ ಸಾಲನ್ನು ಹರಡಲಿಲ್ಲ. ಇಲಾಖೆಯಲ್ಲಿ ಹರಡದ ಸಾಲನ್ನು ಬಿಟ್ಟು ನಿವೃತ್ತನಾದವನು ಅವನೊಬ್ಬನೇ ಎಂದು ಹೇಜಲ್ ಹೇಳುತ್ತಾಳೆ, ಅದನ್ನು ಯಾವ ಬೋರ್ಡಿನಲ್ಲೂ ಬರೆದಿಲ್ಲ.

ಈಗ ಅವನು ದಿನಾ ಸಂಜೆ ಬಾರಿಗೆ ಬರುತ್ತಾನೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ನಿಲ್ಲುತ್ತಾನೆ. ಲಾರಿಯವರು ಬಂದರೆಂದರೆ ಮೊದಲು ಬಿಯರ್ ಕೇಳುತ್ತಾರೆ, ಆಮೇಲೆ ಆ ತಿರುವಿಗೆ ಬೈಯುತ್ತಾರೆ. ಏಳು ಕಿಲೋಮೀಟರ್ ಸುಮ್ಮನೆ ಸುತ್ತಿಸುತ್ತದೆ, ಸರೋವರದಲ್ಲಿ ಹನಿ ನೀರಿಲ್ಲ, ಕಣ್ಣಿಗೆ ನೇರ ದಾರಿ ಕಾಣುತ್ತಿದೆ, ಅಡ್ಡ ಮಣ್ಣು ಹಾಕಿದ್ದಾರೆ ಎಂದು. ಅವರು ಹೇಳುವುದರಲ್ಲಿ ತಪ್ಪೂ ಇಲ್ಲ, ಆಮೇಲೆ ಇಲ್ಲಿ ಮಳೆಯೇ ಬಂದಿಲ್ಲ. ಕ್ಲೆಮ್ ಕೇಳುತ್ತಾ ಕುಡಿಯುತ್ತಾನೆ. ಹೋದ ತಿಂಗಳು ಹೊಸಬನೊಬ್ಬ ಬಂದು ಪೈ ತರಿಸಿಕೊಂಡ. ಬೈದು ಬೈದು ಸಾಕಾಗಿ, ಆ ಸೊಟ್ಟ ರಸ್ತೆ ಮಾಡಿದ ಪುಣ್ಯಾತ್ಮ ಯಾರು, ಅವನ ಹೆಸರಾದರೂ ಹೇಳಿ ಎಂದು ಎಲ್ಲರ ಮುಖ ನೋಡಿದ. ಬರ್ಟ್ ಲೋಟ ಒರೆಸುವುದರಲ್ಲಿ ಮುಳುಗಿದ. ಡಲ್ಸಿ ಮೂಲೆಯಲ್ಲಿ ಚಹಾ ಊದಿಕೊಂಡಳು.

"ನಾನು," ಎಂದ ಕ್ಲೆಮ್. "ಪೈ ತಣ್ಣಗಾಗ್ತಿದೆ, ತಿನ್ನು."